ಗಣಕಯಂತ್ರದ ದುಭಾಷಿ

ಮಕ್ಕಳೇ, ನೀವು ಸತ್ಯಮಂಗಲದಿಂದ ತಾಳವಾಡಿಗೆ ಬಸ್ಸಿನಲ್ಲಿ ಬಂದಿರಬಹುದು. ಬಣ್ಣಾರಿಯನ್ನು ದಾಟಿದ ಮೇಲೆ ಬಸ್ಸು ದಿಂಬಂ ಘಟ್ಟವನ್ನು ಏರತೊಡಗುತ್ತದೆ. ಒಂದಾದ ಮೇಲೊಂದರಂತೆ 27 ತಿರುವುಗಳು! ಬಸ್ಸಿನಲ್ಲಿ ತಮಿಳು ಮಾತನಾಡುವವರೂ ಇರುತ್ತಾರೆ, ಕನ್ನಡ ಮಾತನಾಡುವವರೂ ಇರುತ್ತಾರೆ. ಕಂಡಕ್ಟರು ಒಬ್ಬರನ್ನು “ಎಂಗೆ ಪೋಗಣುಂ?” ಎಂದು ಕೇಳುತ್ತಾರೆ. ಪಕ್ಕದಲ್ಲಿ ಕುಳಿತವರನ್ನು “ಎಲ್ಲಿಗೆ ಹೋಗಬೇಕು?” ಎಂದು ಕೇಳುತ್ತಾರೆ. ಕೇಳಿದ ಮಾತು ಒಂದೇ. ಭಾಷೆ ಮಾತ್ರ ಬೇರೆ.

ನಿಮ್ಮ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ ಎಂದುಕೊಳ್ಳಿ. ಅವರಿಗೆ ಮಂಡಿನೋವು. ನೀವು ಅವರನ್ನು ಸತ್ಯಮಂಗಲದ ವೈದ್ಯರ ಬಳಿಗೆ ಕರೆದುಕೊಂಡು ಹೋಗುತ್ತೀರಿ. ಆ ವೈದ್ಯರಿಗೆ ತಮಿಳು ಮಾತ್ರ ಬರುತ್ತದೆ. ಆಗ ನೀವು ಅಜ್ಜಿಯ ಮಾತನ್ನು ತಮಿಳಿನಲ್ಲಿ ವೈದ್ಯರಿಗೆ ಹೇಳುತ್ತೀರಿ. ವೈದ್ಯರ ಮಾತನ್ನು ಕನ್ನಡದಲ್ಲಿ ಅಜ್ಜಿಗೆ ಹೇಳುತ್ತೀರಿ. ಹೀಗೆ ಇಬ್ಬರ ನಡುವೆ ನಿಂತು ಮಾತನ್ನು ದಾಟಿಸುವವರಿಗೆ ದುಭಾಷಿ ಎಂದು ಹೆಸರು. ಆ ಹೊತ್ತಿನಲ್ಲಿ ನೀವೇ ದುಭಾಷಿ.

ಕಂಪ್ಯೂಟರಿನ ಒಳಗೂ ಇಂತಹ ದುಭಾಷಿ ಇದೆ. ಅದು ಧ್ವನಿಯನ್ನು ದಾಟಿಸುವ ದುಭಾಷಿ. ಅದು ಏಕೆ ಬೇಕಾಯಿತು? ಹೇಗೆ ಕೆಲಸ ಮಾಡುತ್ತದೆ? ಅದರಿಂದ ನಮ್ಮ ಕನ್ನಡಕ್ಕೆ ಏನು ಉಪಯೋಗ? ಬನ್ನಿ, ತಿಳಿಯೋಣ.

ಧ್ವನಿ ಸಂಖ್ಯೆಯಾಗುತ್ತದೆ

ಹಬ್ಬದಲ್ಲಿ ಬಾರಿಸುವ ತಮಟೆಯ ಮೇಲೆ ನಾಲ್ಕು ರಾಗಿ ಕಾಳು ಹಾಕಿ, ಮೆಲ್ಲಗೆ ತಟ್ಟಿ ನೋಡಿ. ಕಾಳುಗಳು ಕುಣಿಯುತ್ತವೆ. ತಮಟೆಯ ಚರ್ಮ ನಡುಗುವುದೇ ಇದಕ್ಕೆ ಕಾರಣ. ಚರ್ಮ ನಡುಗಿದಾಗ ಅದರ ಸುತ್ತಲಿನ ಗಾಳಿಯೂ ನಡುಗುತ್ತದೆ. ಆ ನಡುಕ ನಮ್ಮ ಕಿವಿಯನ್ನು ತಲುಪಿದಾಗ ನಮಗೆ ಶಬ್ದ ಕೇಳಿಸುತ್ತದೆ.

ಕಂಪ್ಯೂಟರಿಗೆ ಮೈಕೇ ಕಿವಿ. ಮೈಕಿನೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಗಾಳಿ ನಡುಗಿದಾಗ ಪೊರೆಯೂ ನಡುಗುತ್ತದೆ. ಆ ನಡುಕ ವಿದ್ಯುತ್ತಿನ ಏರಿಳಿತವಾಗಿ ತಂತಿಯಲ್ಲಿ ಹರಿಯುತ್ತದೆ. ಆದರೆ ಕಂಪ್ಯೂಟರಿಗೆ ತಿಳಿಯುವುದು ಸಂಖ್ಯೆ ಮಾತ್ರ. ವಿದ್ಯುತ್ತಿನ ಏರಿಳಿತವನ್ನು ಸಂಖ್ಯೆಯನ್ನಾಗಿ ಮಾಡುವುದು ಹೇಗೆ?

ಮಳೆಗಾಲದಲ್ಲಿ ಊರಿನ ಕೆರೆಯ ನೀರು ಎಷ್ಟಿದೆ ಎಂದು ದಿನಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ, ತಿಂಗಳ ಕೊನೆಯಲ್ಲಿ ನೀರು ಹೇಗೆ ಏರಿತು, ಹೇಗೆ ಇಳಿಯಿತು ಎಂದು ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಸೌಂಡ್ ಕಾರ್ಡ್ ಎಂಬ ಭಾಗವು ಇದೇ ಕೆಲಸವನ್ನು ಮಾಡುತ್ತದೆ. ಆದರೆ ಅದು ಅಳೆಯುವುದು ದಿನಕ್ಕೊಮ್ಮೆ ಅಲ್ಲ. ದೂರವಾಣಿಯ ಮಾತಿಗೆ ಒಂದು ಸೆಕೆಂಡಿನಲ್ಲಿ 8,000 ಸಲ ಅಳೆದರೆ ಸಾಕು. 1982ರಲ್ಲಿ ಮಾರಾಟಕ್ಕೆ ಬಂದ ಸಿ.ಡಿ. ತಟ್ಟೆಯ ಸಂಗೀತಕ್ಕೆ ಒಂದು ಸೆಕೆಂಡಿನಲ್ಲಿ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಯೂ ಒಂದು ಸಂಖ್ಯೆ.

ಧ್ವನಿಯನ್ನು ಮತ್ತೆ ಕೇಳಬೇಕಾದರೆ ಇದೇ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಸಂಖ್ಯೆಗಳು ವಿದ್ಯುತ್ತಾಗುತ್ತವೆ. ವಿದ್ಯುತ್ತು ಸ್ಪೀಕರಿನ ಪೊರೆಯನ್ನು ನಡುಗಿಸುತ್ತದೆ. ಹಾಗಾಗಿ ಸ್ಪೀಕರೇ ಕಂಪ್ಯೂಟರಿನ ಬಾಯಿ.

ಡಾ. ರಾಜ್‌ಕುಮಾರ್ ಅವರ ಊರಾದ ಗಾಜನೂರು ನಮ್ಮ ತಾಳವಾಡಿ ಸೀಮೆಯಲ್ಲಿಯೇ ಇದೆ. ಅವರು 2006ರಲ್ಲಿ ತೀರಿಕೊಂಡರು. ಆದರೂ ಅವರ ಹಾಡುಗಳನ್ನು ನಾವು ಇಂದಿಗೂ ಕೇಳುತ್ತೇವೆ. ಮೊಬೈಲಿನಲ್ಲಿ ಕೇಳುವ ಆ ಧ್ವನಿ ಸಂಖ್ಯೆಗಳ ಸಾಲಾಗಿ ಉಳಿದು ಬಂದಿದೆ.

ಬಾಗಿಲುಗಳು ಬೇರೆ ಬೇರೆ

ಕಂಪ್ಯೂಟರಿನಲ್ಲಿ ಹಾಡು ಕೇಳಿಸಲು, ಚಿತ್ರ ಬರೆಯಲು, ಪತ್ರ ಬರೆಯಲು ಬೇರೆ ಬೇರೆ ಪ್ರೋಗ್ರಾಂಗಳಿವೆ. ಪ್ರೋಗ್ರಾಂ ಎಂದರೆ ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಬರೆದಿಟ್ಟ ಆದೇಶಗಳ ಪಟ್ಟಿ. ಇವುಗಳೆಲ್ಲದರ ಮೇಲೆ ಒಬ್ಬ ಯಜಮಾನನಿದ್ದಾನೆ. ಅವನೇ ಕಾರ್ಯಾಚರಣಾ ವ್ಯವಸ್ಥೆ. ಯಾವ ಪ್ರೋಗ್ರಾಂ ಆದರೂ ಯಜಮಾನನನ್ನು ಕೇಳದೆ ಮೈಕನ್ನಾಗಲಿ ಸ್ಪೀಕರನ್ನಾಗಲಿ ಮುಟ್ಟುವಂತಿಲ್ಲ. ಅವನು ತೋರಿಸಿದ ಬಾಗಿಲಿನಿಂದಲೇ ಹೋಗಬೇಕು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಗೆಳೆಯರು ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಲು ಆರಂಭಿಸಿದರು. ಅವರು ಒಂದು ಸರಳವಾದ ಉಪಾಯ ಮಾಡಿದರು. ಕಂಪ್ಯೂಟರಿಗೆ ಜೋಡಿಸಿದ ಉಪಕರಣಗಳನ್ನೂ ಒಂದು ಪುಸ್ತಕದಂತೆ ನೋಡಬೇಕು ಎಂದರು. ಪುಸ್ತಕವನ್ನು ನಾವು ಏನು ಮಾಡುತ್ತೇವೆ? ತೆರೆಯುತ್ತೇವೆ, ಓದುತ್ತೇವೆ, ಬರೆಯುತ್ತೇವೆ, ಮುಚ್ಚುತ್ತೇವೆ. ಉಪಕರಣಕ್ಕೂ ಈ ನಾಲ್ಕೇ ಮಾತು ಸಾಕು. ಧ್ವನಿಯ ಉಪಕರಣಗಳು ಬಂದಾಗಲೂ ಇದೇ ಉಪಾಯ ಕೆಲಸಕ್ಕೆ ಬಂತು. ಮೈಕಿನ ಧ್ವನಿ ಬೇಕಾದರೆ ಪುಸ್ತಕ ತೆರೆದು ಸಂಖ್ಯೆಗಳನ್ನು ಓದಬೇಕು. ಸ್ಪೀಕರಿನಲ್ಲಿ ಕೇಳಿಸಬೇಕಾದರೆ ಪುಸ್ತಕ ತೆರೆದು ಸಂಖ್ಯೆಗಳನ್ನು ಬರೆಯಬೇಕು. ಎಷ್ಟು ಸುಲಭ, ಅಲ್ಲವೇ?

ಮುಂದೆ ಯುನಿಕ್ಸ್ ಮಾದರಿಯಲ್ಲಿ ಹಲವು ವ್ಯವಸ್ಥೆಗಳು ಹುಟ್ಟಿದವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಅನ್ನು ಬರೆದರು. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮತ್ತು ಆಪಲ್ ಕಂಪನಿಯ ಮ್ಯಾಕ್ ವ್ಯವಸ್ಥೆ ಕೂಡ ಇದೇ ಬಳಗಕ್ಕೆ ಸೇರಿದವು.

ಬಳಗ ಒಂದೇ ಆದರೂ ಧ್ವನಿಯ ಬಾಗಿಲು ಮಾತ್ರ ಒಂದೇ ಆಗಲಿಲ್ಲ. ಸನ್ ಕಂಪನಿಯ ಯಂತ್ರಗಳಲ್ಲಿ ಆ ಬಾಗಿಲಿನ ಹೆಸರು ‘ಆಡಿಯೊ’. ಲಿನಕ್ಸ್‌ಗೆ ಫಿನ್ಲೆಂಡಿನ ಹನ್ನು ಸವೊಲೈನೆನ್ ಎಂಬುವರು 1992ರಲ್ಲಿ ಧ್ವನಿಯ ವ್ಯವಸ್ಥೆ ಬರೆದರು. ಅಲ್ಲಿ ಬಾಗಿಲಿನ ಹೆಸರು ‘ಡಿಎಸ್‌ಪಿ’. 1998ರಲ್ಲಿ ಯಾರೋಸ್ಲಾವ್ ಕಿಸೆಲಾ ಎಂಬುವರ ಮುಂದಾಳತ್ವದಲ್ಲಿ ಲಿನಕ್ಸ್‌ಗೆ ‘ಅಲ್ಸಾ’ ಎಂಬ ಹೊಸ ಬಾಗಿಲು ಬಂತು. ಫ್ರೀಬಿಎಸ್‌ಡಿ ಹಳೆಯ ‘ಡಿಎಸ್‌ಪಿ’ ಬಾಗಿಲನ್ನೇ ಉಳಿಸಿಕೊಂಡಿತು. ಮ್ಯಾಕ್ ವ್ಯವಸ್ಥೆಯ ಬಾಗಿಲು ‘ಕೋರ್ ಆಡಿಯೊ’. ಯುನಿಕ್ಸ್ ಬಳಗಕ್ಕೆ ಸೇರದ ವಿಂಡೋಸ್‌ನ ಬಾಗಿಲುಗಳು ಮತ್ತೂ ಬೇರೆ.

ಇನ್ನೊಂದು ತೊಂದರೆಯೂ ಇತ್ತು. ಹಳೆಯ ಎಷ್ಟೋ ಕಂಪ್ಯೂಟರುಗಳಲ್ಲಿ ಒಂದು ಪ್ರೋಗ್ರಾಂ ಬಾಗಿಲು ಹಿಡಿದು ನಿಂತರೆ ಇನ್ನೊಂದಕ್ಕೆ ದಾರಿ ಇರಲಿಲ್ಲ. ಹಾಡು ಕೇಳುತ್ತಿರುವಾಗ ಬೇರೆ ಪ್ರೋಗ್ರಾಂನ ಧ್ವನಿ ಹೊರಗೆ ಬರುತ್ತಿರಲಿಲ್ಲ. ಎಲ್ಲರ ಧ್ವನಿಯನ್ನೂ ಬೆರೆಸಿ ಒಟ್ಟಿಗೆ ಕಳಿಸುವ ‘ಪಲ್ಸ್‌ಆಡಿಯೊ’ದಂತಹ ಸೇವಕರು ಆಮೇಲೆ ಬಂದರು. ಅವರೊಡನೆ ಮಾತನಾಡುವುದಕ್ಕೂ ಬೇರೆಯದೇ ಭಾಷೆ!

ಈಗ ಯೋಚಿಸಿ. ಧ್ವನಿಯ ಪ್ರೋಗ್ರಾಂ ಬರೆಯುವವರು ಒಂದೇ ಕೆಲಸವನ್ನು ಎಷ್ಟು ಸಲ ಬರೆಯಬೇಕು? ಲಿನಕ್ಸ್‌ಗೆ ಒಮ್ಮೆ, ಫ್ರೀಬಿಎಸ್‌ಡಿಗೆ ಒಮ್ಮೆ, ಮ್ಯಾಕ್‌ಗೆ ಒಮ್ಮೆ, ವಿಂಡೋಸ್‌ಗೆ ಒಮ್ಮೆ. ಬಹಳ ಹಣವಿರುವ ದೊಡ್ಡ ಕಂಪನಿ ಹೀಗೆ ಮಾಡಬಹುದು. ಮನೆಯಲ್ಲಿ ಕುಳಿತು, ಹಣದಾಸೆಯಿಲ್ಲದೆ ಪ್ರೋಗ್ರಾಂ ಬರೆಯುವ ಒಬ್ಬರಿಗೆ ಇದು ಸಾಧ್ಯವೇ?

ದುಭಾಷಿ ಬಂದಿತು

2001ರಲ್ಲಿ ಕ್ಯೂಬಾ ದೇಶದ ಹವಾನಾ ನಗರದಲ್ಲಿ ಅಂತರರಾಷ್ಟ್ರೀಯ ಕಂಪ್ಯೂಟರ್ ಸಂಗೀತ ಸಮ್ಮೇಳನ ನಡೆಯಿತು. ರಾಸ್ ಬೆನ್ಸಿನಾ ಮತ್ತು ಫಿಲ್ ಬರ್ಕ್ ಎಂಬ ಇಬ್ಬರು ತಾವು ಕಟ್ಟುತ್ತಿದ್ದ ‘ಪೋರ್ಟ್‌ಆಡಿಯೊ’ದ ಬಗೆಗೆ ಅಲ್ಲಿ ಪ್ರಬಂಧ ಮಂಡಿಸಿದರು. ಅದೇ ನಾವು ಹೇಳುತ್ತಿರುವ ದುಭಾಷಿ. ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ತೆರೆದು ನೋಡಿ ಕಲಿಯಬಹುದು.

ಪ್ರೋಗ್ರಾಂ ಬರೆಯುವವರು ಈ ದುಭಾಷಿಯೊಡನೆ ಒಂದೇ ಭಾಷೆಯಲ್ಲಿ ಮಾತನಾಡಿದರೆ ಸಾಕು. ಲಿನಕ್ಸ್ ಇದ್ದರೆ ದುಭಾಷಿ ಅಲ್ಸಾದ ಭಾಷೆಯಲ್ಲಿ ಹೇಳುತ್ತದೆ. ಮ್ಯಾಕ್ ಇದ್ದರೆ ಕೋರ್ ಆಡಿಯೊದ ಭಾಷೆಯಲ್ಲಿ ಹೇಳುತ್ತದೆ. ಅದು ಕೆಲಸ ಮಾಡುವ ಬಗೆಯನ್ನು ನಾಲ್ಕು ಹೆಜ್ಜೆಗಳಲ್ಲಿ ನೋಡೋಣ.

ಮೊದಲನೆಯ ಹೆಜ್ಜೆ: “ಈ ಕಂಪ್ಯೂಟರಿಗೆ ಎಷ್ಟು ಕಿವಿಗಳಿವೆ? ಎಷ್ಟು ಬಾಯಿಗಳಿವೆ?” ಎಂದು ಕೇಳುವುದು. ಮೈಕ್ ಇಲ್ಲದಿದ್ದರೆ ದುಭಾಷಿ “ಇಲ್ಲ” ಎಂದೇ ಹೇಳುತ್ತದೆ. ಇಲ್ಲದ್ದನ್ನು ಇದೆ ಎಂದು ಹೇಳುವವನು ಒಳ್ಳೆಯ ದುಭಾಷಿಯಲ್ಲ.

ಎರಡನೆಯ ಹೆಜ್ಜೆ: ಬಾಗಿಲು ತೆರೆದು ಮೂರು ವಿಷಯಗಳನ್ನು ಹೇಳುವುದು. ಸೆಕೆಂಡಿಗೆ ಎಷ್ಟು ಅಳತೆ? ಪ್ರತಿ ಅಳತೆ ಎಷ್ಟು ಸೂಕ್ಷ್ಮವಾಗಿರಬೇಕು? ಧ್ವನಿ ಒಂದು ಕಡೆಯಿಂದ ಬರಬೇಕೋ, ಎಡ ಬಲ ಎರಡು ಕಡೆಯಿಂದಲೂ ಬರಬೇಕೋ?

ಮೂರನೆಯ ಹೆಜ್ಜೆ: ಸಂಖ್ಯೆಗಳನ್ನು ಕೊಡುವುದು. ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಇದನ್ನು ತಿಳಿಯಲು ರಾಗಿ ಬೀಸುವುದನ್ನು ನೆನಪಿಸಿಕೊಳ್ಳಿ. ಒಂದು ಕೈ ಬೀಸುವ ಕಲ್ಲನ್ನು ಒಂದೇ ಸಮನೆ ತಿರುಗಿಸುತ್ತದೆ. ಇನ್ನೊಂದು ಕೈ ಕಲ್ಲಿನ ಬಾಯಿಗೆ ಹಿಡಿಹಿಡಿಯಾಗಿ ರಾಗಿ ಹಾಕುತ್ತದೆ. ರಾಗಿ ಹಾಕುವ ಕೈ ತಡಮಾಡಿದರೆ ಏನಾಗುತ್ತದೆ? ಬರಿಯ ಕಲ್ಲು ‘ಕರಕರ’ ಎಂದು ಸದ್ದು ಮಾಡುತ್ತದೆ. ಸೌಂಡ್ ಕಾರ್ಡೂ ಈ ಕಲ್ಲಿನಂತೆಯೇ. ಅದು ಯಾರಿಗಾಗಿಯೂ ನಿಲ್ಲುವುದಿಲ್ಲ. ಸೆಕೆಂಡಿಗೆ 44,100 ಸಂಖ್ಯೆಗಳನ್ನು ನುಂಗುತ್ತಲೇ ಇರುತ್ತದೆ. ಒಂದು ಹಿಡಿಯಲ್ಲಿ 441 ಸಂಖ್ಯೆಗಳಿದ್ದರೆ ಅದು ಒಂದು ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಮಾತ್ರ ಸಾಕು. ಅಷ್ಟರೊಳಗೆ ಮುಂದಿನ ಹಿಡಿ ಸಿದ್ಧವಾಗಿರಬೇಕು. ತಡವಾದರೆ ಹಾಡಿನ ನಡುವೆ ‘ಟಿಕ್ ಟಿಕ್’ ಎಂಬ ಸದ್ದು ಬರುತ್ತದೆ. ಹಾಗೆಂದು ಹಿಡಿಯನ್ನು ತುಂಬ ದೊಡ್ಡದು ಮಾಡಿದರೆ ಧ್ವನಿ ಹೊರಗೆ ಬರುವುದೇ ತಡವಾಗುತ್ತದೆ. ಅದಕ್ಕಾಗಿ ದುಭಾಷಿಯು ಸಮಯಕ್ಕೆ ಸರಿಯಾಗಿ “ಮುಂದಿನ ಹಿಡಿ ಕೊಡು” ಎಂದು ಪ್ರೋಗ್ರಾಂ ಅನ್ನು ಕೂಗಿ ಕರೆಯುತ್ತದೆ.

ನಾಲ್ಕನೆಯ ಹೆಜ್ಜೆ: ಕೆಲಸ ಮುಗಿದ ಮೇಲೆ ಬಾಗಿಲನ್ನು ಮುಚ್ಚುವುದು. ಮುಚ್ಚದೆ ಹೋದರೆ ಬೇರೆಯವರಿಗೆ ತೊಂದರೆಯಾಗಬಹುದು.

ಧ್ವನಿಯನ್ನು ಮುದ್ರಿಸಿ ತಿದ್ದುವ ‘ಆಡಾಸಿಟಿ’ ಎಂಬ ಹೆಸರಾಂತ ಪ್ರೋಗ್ರಾಂ ಈ ದುಭಾಷಿಯ ನೆರವಿನಿಂದಲೇ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲಿಯೂ ನಡೆಯುತ್ತದೆ.

ಕನ್ನಡ ಓದುವ ಯಂತ್ರ

ನಿಮ್ಮ ತರಗತಿಯಲ್ಲಿ ಕಣ್ಣು ಕಾಣದ ಗೆಳತಿಯೊಬ್ಬಳು ಇದ್ದಾಳೆ ಎಂದುಕೊಳ್ಳಿ. ಕಥೆ ಕೇಳುವುದೆಂದರೆ ಅವಳಿಗೆ ಬಹಳ ಇಷ್ಟ. ಆದರೆ ಕಂಪ್ಯೂಟರಿನ ಪರದೆಯ ಮೇಲಿನ ಅಕ್ಷರಗಳು ಅವಳಿಗೆ ಕಾಣುವುದಿಲ್ಲ. ಪ್ರತಿ ಸಲವೂ ಬೇರೆಯವರು ಓದಿ ಹೇಳಲಿ ಎಂದು ಅವಳು ಕಾಯಬೇಕು. ಕಂಪ್ಯೂಟರೇ ಕನ್ನಡವನ್ನು ಓದಿ ಹೇಳಿದರೆ? ಅವಳು ಯಾರಿಗೂ ಕಾಯಬೇಕಾಗಿಲ್ಲ.

ಜಾನಥನ್ ಡಡಿಂಗ್‌ಟನ್ ಎಂಬುವರು ಬರೆದ ‘ಈಸ್ಪೀಕ್’ ಎಂಬ ಪ್ರೋಗ್ರಾಂ ಈ ಕೆಲಸ ಮಾಡುತ್ತದೆ. 1995ರಲ್ಲಿ ಅದು ಒಂದು ಚಿಕ್ಕ ಪ್ರೋಗ್ರಾಂ ಆಗಿತ್ತು. ಮುಂದೆ ಅದು ಬೆಳೆದು ಹಲವಾರು ಭಾಷೆಗಳನ್ನು ಕಲಿಯಿತು. ಅವುಗಳಲ್ಲಿ ತಮಿಳೂ ಇದೆ, ನಮ್ಮ ಕನ್ನಡವೂ ಇದೆ. ಅದು ಅಕ್ಷರಗಳನ್ನು ಉಚ್ಚಾರಣೆಯ ನಿಯಮದಂತೆ ಧ್ವನಿಯ ಸಂಖ್ಯೆಗಳನ್ನಾಗಿ ಮಾಡುತ್ತದೆ. ಆ ಸಂಖ್ಯೆಗಳನ್ನು ಸ್ಪೀಕರಿಗೆ ತಲುಪಿಸಲು ಅದು ನಮ್ಮ ದುಭಾಷಿಯಾದ ಪೋರ್ಟ್‌ಆಡಿಯೊವನ್ನು ಬಳಸಿತು. 2015ರಿಂದ ಬೇರೆ ಬರಹಗಾರರು ಅದನ್ನು ‘ಈಸ್ಪೀಕ್ ಎನ್‌ಜಿ’ ಎಂಬ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಇದಕ್ಕೆ ‘ಪಿಸಿಆಡಿಯೊಲಿಬ್’ ಎಂಬ ಇನ್ನೊಂದು ಚಿಕ್ಕ ದುಭಾಷಿ ಇದೆ. ಹೆಸರು ಬೇರೆಯಾದರೂ ಅದರ ಕೆಲಸವೂ ಮಾತನ್ನು ದಾಟಿಸುವುದೇ.

ಈಸ್ಪೀಕಿನ ಧ್ವನಿ ನಿಮ್ಮ ಅಜ್ಜಿಯ ಧ್ವನಿಯಷ್ಟು ಇಂಪಾಗಿಲ್ಲ. ಅದು ಯಂತ್ರದ ಧ್ವನಿ ಎಂದು ಕೇಳಿದ ಕೂಡಲೇ ತಿಳಿಯುತ್ತದೆ. ಆದರೂ ಅಕ್ಷರ ಕಾಣದವರಿಗೆ ಅದು ದೊಡ್ಡ ಆಸರೆ.

ತಮಿಳುನಾಡು ಸರ್ಕಾರವು 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಆರಂಭಿಸಿತು. ಆ ಲ್ಯಾಪ್‌ಟಾಪುಗಳಲ್ಲಿ ಹಲವುದರಲ್ಲಿ ವಿಂಡೋಸ್ ಜೊತೆಗೆ ‘ಬಾಸ್’ ಎಂಬ ಲಿನಕ್ಸ್ ಕೂಡ ಇತ್ತು. ಬಾಸ್ ಅನ್ನು ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆ ಚೆನ್ನೈನಲ್ಲಿ ಸಿದ್ಧಪಡಿಸಿ 2007ರಲ್ಲಿ ಹೊರತಂದಿತ್ತು. ಒಂದೇ ಯಂತ್ರ, ಎರಡು ವ್ಯವಸ್ಥೆ! ನಮ್ಮ ಬೆಟ್ಟದ ಮನೆಗಳಲ್ಲಿ ಎರಡು ಭಾಷೆ ಇರುವಂತೆ. ಕನ್ನಡ ಓದುವ ಪ್ರೋಗ್ರಾಂ ಒಂದರಲ್ಲಿ ಮಾತ್ರ ಮಾತನಾಡಿ ಇನ್ನೊಂದರಲ್ಲಿ ಮೂಕವಾದರೆ ಹೇಗೆ?

ಕನ್ನಡ ಓದುವ ಮಕ್ಕಳು ನಮ್ಮ ರಾಜ್ಯದಲ್ಲಿ ಕೆಲವರೇ ಇದ್ದಾರೆ. ಕೆಲವರಿಗಾಗಿ ಒಂದೇ ಕೆಲಸವನ್ನು ನಾಲ್ಕು ಸಲ ಮಾಡುವವರು ಸಿಗುವುದು ಕಷ್ಟ. ಆದರೆ ನಡುವೆ ದುಭಾಷಿ ಇದ್ದರೆ, ಒಬ್ಬರು ಒಮ್ಮೆ ಬರೆದದ್ದು ಎಲ್ಲ ಕಡೆಯೂ ಕೇಳಿಸುತ್ತದೆ. ಕೆಲವರೇ ಆಡುವ ಭಾಷೆಗೆ ಇದರಿಂದ ದೊಡ್ಡ ಉಪಕಾರವಾಗುತ್ತದೆ.

ಕೇಳಿ ಮುದ್ರಿಸಿ

ಒಂದು ಮಾತನ್ನು ಮರೆಯಬಾರದು. ಮೈಕ್ ಕಂಪ್ಯೂಟರಿನ ಕಿವಿ ಎಂದೆವಲ್ಲವೇ? ಆ ಕಿವಿ ಎಲ್ಲವನ್ನೂ ಕೇಳಿಸಿಕೊಳ್ಳಬಲ್ಲದು. ಆದ್ದರಿಂದ ಅದಕ್ಕೆ ಕಾವಲು ಬೇಕು. ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ‘ಆಡಿಯೊ’ ಎಂಬ ಒಂದು ಗುಂಪು ಇರುತ್ತದೆ. ಧ್ವನಿಯ ಬಾಗಿಲನ್ನು ತೆರೆಯುವ ಹಕ್ಕನ್ನು ಆ ಗುಂಪಿಗೆ ಕೊಟ್ಟಿರುತ್ತಾರೆ. ಇಂದಿನ ಮೊಬೈಲುಗಳು ಮೈಕನ್ನು ಬಳಸುವ ಮೊದಲು “ಅನುಮತಿ ಕೊಡುವಿರಾ?” ಎಂದು ಕೇಳುತ್ತವೆ. ನೀವೂ ಅಷ್ಟೇ. ಅಜ್ಜಿಯ ಹಾಡನ್ನಾಗಲಿ, ಗೆಳೆಯರ ಮಾತನ್ನಾಗಲಿ ಮುದ್ರಿಸುವ ಮೊದಲು ಅವರ ಒಪ್ಪಿಗೆಯನ್ನು ಕೇಳಬೇಕು.

ಮಕ್ಕಳೇ, ದುಭಾಷಿ ಲಿನಕ್ಸ್‌ಗೆ “ನೀನು ಮ್ಯಾಕ್ ಆಗು” ಎಂದು ಹೇಳುವುದಿಲ್ಲ. ಮ್ಯಾಕ್‌ಗೆ “ನೀನು ಲಿನಕ್ಸ್ ಆಗು” ಎಂದೂ ಹೇಳುವುದಿಲ್ಲ. ಅವರವರ ಬಾಗಿಲು ಅವರವರಿಗೆ ಇರಲಿ ಎಂದು ಬಿಟ್ಟು, ಮಾತನ್ನು ಮಾತ್ರ ಕೆಡದಂತೆ ದಾಟಿಸುತ್ತದೆ. ವೈದ್ಯರ ಮುಂದೆ ಅಜ್ಜಿಯ ಪರವಾಗಿ ನೀವು ಮಾಡುವ ಕೆಲಸವೂ ಇದೇ. ಎರಡು ಭಾಷೆಗಳ ನಡುವೆ ಬೆಳೆಯುವ ನಿಮಗೆ ಈ ಕೆಲಸ ಹೊಸದಲ್ಲ. ಮುಂದೊಂದು ದಿನ ನಿಮ್ಮಲ್ಲಿ ಒಬ್ಬರು ಕಂಪ್ಯೂಟರಿಗೆ ಇನ್ನೂ ಇಂಪಾದ ಕನ್ನಡವನ್ನು ಕಲಿಸಬಹುದು. ಆಗ ಅದು ಎಲ್ಲ ಬಾಗಿಲುಗಳಿಂದಲೂ ಕೇಳಿಸಲಿ.

ಪದಗಳ ಅರ್ಥ

ದುಭಾಷಿ – ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಯಲ್ಲಿ ತಿಳಿಸುವವರು
ಗಣಕಯಂತ್ರ – ಕಂಪ್ಯೂಟರ್
ಉಪಕರಣ – ಸಾಧನ, ಸಲಕರಣೆ
ಪೊರೆ – ತೆಳುವಾದ ಹಾಳೆಯಂತಹ ವಸ್ತು
ಬಳಗ – ನೆಂಟರ ಗುಂಪು, ಪರಿವಾರ
ಸೂಕ್ಷ್ಮ – ಬಹಳ ಸಣ್ಣ, ನವಿರಾದ
ಆಸರೆ – ಆಧಾರ, ನೆರವು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ದುಭಾಷಿ ಎಂದರೆ ಯಾರು?
2. ಕಂಪ್ಯೂಟರಿನ ಕಿವಿ ಯಾವುದು? ಬಾಯಿ ಯಾವುದು?
3. ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಲು ಆರಂಭಿಸಿದ್ದು ಯಾವಾಗ?
4. ಪೋರ್ಟ್‌ಆಡಿಯೊದ ಬಗೆಗೆ ಪ್ರಬಂಧ ಮಂಡಿಸಿದವರು ಯಾರು?

ಆ. ಬಿಟ್ಟ ಸ್ಥಳಗಳನ್ನು ತುಂಬಿರಿ.
1. ದಿಂಬಂ ಘಟ್ಟದಲ್ಲಿ ______ ತಿರುವುಗಳಿವೆ.
2. ದೂರವಾಣಿಯ ಮಾತನ್ನು ಸೆಕೆಂಡಿಗೆ ______ ಸಲ ಅಳೆದರೆ ಸಾಕು.
3. ಮ್ಯಾಕ್ ವ್ಯವಸ್ಥೆಯ ಧ್ವನಿಯ ಬಾಗಿಲು ______.

ಇ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸೌಂಡ್ ಕಾರ್ಡನ್ನು ಬೀಸುವ ಕಲ್ಲಿಗೆ ಏಕೆ ಹೋಲಿಸಲಾಗಿದೆ?
2. ದುಭಾಷಿ ಇಲ್ಲದಿದ್ದರೆ ಪ್ರೋಗ್ರಾಂ ಬರೆಯುವವರಿಗೆ ಏನು ತೊಂದರೆ?
3. ಕೆಲವರೇ ಆಡುವ ಭಾಷೆಗೆ ದುಭಾಷಿಯಿಂದ ಏನು ಉಪಕಾರ?

ಈ. ಲೆಕ್ಕ ಮಾಡಿರಿ.
ಸೆಕೆಂಡಿಗೆ 8,000 ಅಳತೆಯಾದರೆ ಒಂದು ನಿಮಿಷದ ಮಾತಿನಲ್ಲಿ ಎಷ್ಟು ಸಂಖ್ಯೆಗಳಿರುತ್ತವೆ?

ಉ. ಚಟುವಟಿಕೆ
ಮೂವರು ಗೆಳೆಯರು ಸೇರಿ ಆಟವಾಡಿ. ಒಬ್ಬರು ಕನ್ನಡದಲ್ಲಿ ಮಾತ್ರ, ಇನ್ನೊಬ್ಬರು ತಮಿಳಿನಲ್ಲಿ ಮಾತ್ರ ಮಾತನಾಡಲಿ. ಮೂರನೆಯವರು ದುಭಾಷಿಯಾಗಲಿ. ಮಾತು ಕೆಡದಂತೆ ದಾಟಿತೇ ಎಂದು ತರಗತಿಯಲ್ಲಿ ಚರ್ಚಿಸಿರಿ.